ನೀರು ಜಾಸ್ತಿ ಆಗಿದ್ದಕ್ಕೇ ಸೂರ್ಯಕಾಂತಿಗೆ ಹುಳು ಬಂತಾ?

ಪ್ರಶ್ನೆ: ನಾನು ಹೊಳೆಹೊನ್ನೂರು ಕಡೆಯ ರೈತ. ಭತ್ತ ಕೊಯ್ದ ಮೇಲೆ 2 ಎಕರೆಗೆ ಬೇಸಿಗೆ ಸೂರ್ಯಕಾಂತಿ ಹಾಕಿದ್ದೇನೆ. ಈಗ 48 ದಿನದ ಬೆಳೆ, ಮೊಗ್ಗು ಬಿಟ್ಟಿದೆ. ಕೆಳಗಿನ ಎಕರೆಗೆ ಭದ್ರಾ ನಾಲೆ ನೀರು. ಸರದಿ ಬಂದಾಗ ತುಂಬಾ ಹಾಯಿಸಿಬಿಡುತ್ತೇನೆ, ಮತ್ತೆ ಯಾವಾಗ ಬರುತ್ತದೋ ಅಂತ. ಅಲ್ಲಿ ಗಿಡ ಕಡುಹಸಿರಾಗಿ ಸೊಂಪಾಗಿದೆ, ಆದರೆ ಹುಳು ತಿಂದು ಕೆಲವು ಎಲೆ ಜರಡಿ ಆಗಿವೆ. ಮೇಲಿನ ಎಕರೆ ಕೆಮ್ಮಣ್ಣು. ಬೋರ್ ನೀರು ಸಾಲದೆ 18 ದಿನ ಒಣಗಿತು. ಅಲ್ಲಿ ಎಲೆಯ ಅಂಚು ಹಳದಿಯಾಗಿ ದೊನ್ನೆ ಥರ ಮುದುಡಿವೆ. ಪಕ್ಕದ ಹೊಲದವರು 'ನೀರು ಜಾಸ್ತಿ ಕೊಟ್ಟಿದ್ದಕ್ಕೇ ಹುಳು' ಅನ್ನುತ್ತಾರೆ. ಈ ಸರದಿಗೆ ತೂಬು ಮುಚ್ಚಿಬಿಡಲಾ? ಮೇಲಿನ ಹೊಲಕ್ಕೆ ಅಡಿಕೆ ತೋಟದ ಸ್ಪ್ರಿಂಕ್ಲರ್ ತಂದು ಹಾಕಲಾ?

ಉತ್ತರ: ತೂಬು ಮುಚ್ಚಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ, ಇದನ್ನು ಮಾತ್ರ ಇವತ್ತೇ ತಲೆಯಲ್ಲಿ ಇಟ್ಟುಕೊಳ್ಳಿ. 48ನೇ ದಿನ ಅಂದರೆ ಮೊಗ್ಗಿನ ಹಂತ, ಇನ್ನೊಂದು ವಾರ ಹತ್ತು ದಿನಕ್ಕೆ ಹೂವು. ಸೂರ್ಯಕಾಂತಿಗೆ ಇಡೀ ಜೀವನದಲ್ಲಿ ನೀರು ತಪ್ಪಲೇಬಾರದು ಅನ್ನುವ ಕಾಲ ಮೂರು: ಮೊಗ್ಗು, ಹೂವು, ಕಾಳು ತುಂಬುವ ಹೊತ್ತು. ನೀವು ಈಗ ಸರಿಯಾಗಿ ಅದರ ಬಾಗಿಲಲ್ಲಿ ನಿಂತಿದ್ದೀರಿ. ಹುಳಕ್ಕೆ ಹೆದರಿ ಇಲ್ಲಿ ನೀರು ನಿಲ್ಲಿಸಿದರೆ ಹುಳು ತಿನ್ನುವುದಕ್ಕಿಂತ ಜಾಸ್ತಿ ಜೊಳ್ಳೇ ತಿನ್ನುತ್ತದೆ.

ನಿಮ್ಮ ಪಕ್ಕದವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅವರು ನೋಡಿದ್ದು ಕೆಳಗಿನ ಎಕರೆ ಮಾತ್ರ. ಮೇಲಿನ ಎಕರೆಗೆ ನೀರೇ ಇರಲಿಲ್ಲವಲ್ಲ, ಅಲ್ಲಿ ಯಾಕೆ ಬಂತು? ನಿಮ್ಮ ಎರಡು ತುಂಡು ಹೊಲವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಅಲ್ಲೇ ಇದೆ. ನೀರು ಹುಳವನ್ನು ತರುವುದೂ ಇಲ್ಲ, ಓಡಿಸುವುದೂ ಇಲ್ಲ. ಯಾವ ಹುಳು ಬರಬೇಕು, ಬಂದ ಹುಳವನ್ನು ಗಿಡ ಎಷ್ಟು ತಡೆದುಕೊಳ್ಳಬೇಕು ಅನ್ನುವುದನ್ನು ಬದಲಾಯಿಸುತ್ತದೆ.

ಮೇಲಿನ ಎಕರೆ ಮೊದಲು ನೋಡೋಣ. ಅಂಚು ಹಳದಿ, ದೊನ್ನೆ ಆಕಾರ ಅಂದರೆ ಬಹುತೇಕ ಹಸಿರು ಜಿಗಿಹುಳು. ಸುಮ್ನೆ ನನ್ನ ಮಾತು ನಂಬಬೇಡಿ, ಬೆಳಿಗ್ಗೆ ಬಿಸಿಲು ಏರುವ ಮೊದಲು ಹೋಗಿ ಗಿಡದ ನಡುವಿನ ಎಲೆಯೊಂದನ್ನು ಮೆಲ್ಲಗೆ ಮಗುಚಿ. ತಿಳಿಹಸಿರು ಬಣ್ಣದ, ಅಕ್ಕಿನುಚ್ಚಿನಷ್ಟು ಮರಿಗಳು ಏಡಿ ಹಾಗೆ ಅಡ್ಡಡ್ಡ ನಡೆದು ನರದ ಮರೆಗೆ ಹೋದರೆ ಅದೇ. ಅವು ನೇರ ನಡೆಯುವುದಿಲ್ಲ, ಅದೇ ಗುರುತು. ಆಮೇಲೆ ಒಂದು ಬಿಳಿ ಹಾಳೆ ಹಿಡಿದು ಸುಳಿಯ ಎಲೆಗಳನ್ನು ಅದರ ಮೇಲೆ ಕುಟ್ಟಿ. ಕೂದಲಿನ ತುಂಡಿನಂಥ ಹಳದಿ ಅಥವಾ ಕಂದು ಗೆರೆಗಳು ಹರಿದಾಡಿದರೆ ಥ್ರಿಪ್ಸ್ ನುಸಿಯೂ ಸೇರಿಕೊಂಡಿದೆ ಅಂತ ಅರ್ಥ.

ಈಗ ಇಲ್ಲೊಂದು ಗಮ್ಮತ್ತು ಇದೆ. ಜಿಗಿಹುಳಕ್ಕೆ ಇಷ್ಟ ಆಗುವುದು ಸೊಂಪಾದ, ಯೂರಿಯಾ ತಿಂದ ಗಿಡವೇ. ಎಲೆ ಎಣಿಸಿ ನೋಡಿದರೆ ಅವು ನಿಮ್ಮ ಕೆಳಗಿನ ಎಕರೆಯಲ್ಲೂ ಇರುತ್ತವೆ, ಒಮ್ಮೊಮ್ಮೆ ಜಾಸ್ತಿಯೇ ಇರುತ್ತವೆ. ಆದರೆ ಅಲ್ಲಿ ಎಲೆ ಸುಟ್ಟಿಲ್ಲ. ಯಾಕೆಂದರೆ ಬೇರಿಗೆ ನೀರಿದ್ದ ಗಿಡ ಹೀರಿದ ರಸವನ್ನು ತುಂಬಿಕೊಳ್ಳುತ್ತದೆ. 18 ದಿನ ಒಣಗಿದ ಗಿಡಕ್ಕೆ ಮೊದಲೇ ಬಾಯಾರಿದೆ, ಅದರ ಮೇಲೆ ಹತ್ತು ಹುಳು ಕೂತು ಹೀರಿದರೂ ಅಂಚು ಕರಕಲಾಗುತ್ತದೆ. ಹುಳದ ಲೆಕ್ಕ ಬೇರೆ, ಹಾನಿಯ ಲೆಕ್ಕ ಬೇರೆ. ಒಣ ಹೊಲದಲ್ಲಿ ಎಲೆ ಸುಟ್ಟಿದ್ದು ನೋಡಿ ಔಷಧಿ ಅಂಗಡಿಗೆ ಓಡುವ ಎಷ್ಟೋ ಜನರಿಗೆ ನಿಜವಾಗಿ ಬೇಕಾಗಿದ್ದು ಒಂದು ನೀರು.

ಥ್ರಿಪ್ಸ್ ಮತ್ತು ಕೆಂಪು ನುಸಿಯ ಕಥೆ ಹಾಗಲ್ಲ. ಅವು ನಿಜಕ್ಕೂ ಒಣ ಹವೆಯ ಗಿರಾಕಿಗಳು. ನೀರು ಕಡಿಮೆಯಾದ ಗಿಡದಲ್ಲಿ ರಸ ಗಟ್ಟಿ, ಅದರಲ್ಲಿ ಸಾರಜನಕದ ಅಂಶ ಹೆಚ್ಚು, ಎಲೆ ಬೆವರದೆ ಬಿಸಿಯಾಗಿರುತ್ತದೆ. ಬಿಸಿ ಎಲೆಯ ಮೇಲೆ ಅವುಗಳ ಪೀಳಿಗೆ ಬೇಗ ಬೇಗ ತಿರುಗುತ್ತದೆ. ಥ್ರಿಪ್ಸ್ ಬಹಳಷ್ಟು ಜಾತಿಗಳು ಮರಿಯಿಂದ ದೊಡ್ಡದಾಗುವ ನಡುವೆ ಮಣ್ಣಿಗೆ ಬಿದ್ದು, ಮೇಲ್ಮಣ್ಣಿನಲ್ಲಿ ಸ್ವಲ್ಪ ದಿನ ಅಡಗಿ ಕೂರುತ್ತವೆ. ಒಣಗಿದ, ಪುಡಿಯಾದ ಮಣ್ಣು ಅವುಗಳಿಗೆ ಹಾಸಿಗೆ. ನೀರು ಹಾಯಿಸಿದರೆ ಅದರಲ್ಲಿ ಒಂದಷ್ಟು ಅಲ್ಲೇ ಸಾಯುತ್ತವೆ.

ಥ್ರಿಪ್ಸ್ ಹೀರುವುದರಿಂದ ಆಗುವ ನಷ್ಟಕ್ಕಿಂತ ಅದು ಹೊತ್ತು ತರುವ ನಂಜಿನ (ವೈರಸ್) ಭಯ ದೊಡ್ಡದು. ಸೂರ್ಯಕಾಂತಿ ನೆಕ್ರೋಸಿಸ್ ನಂಜು ರೋಗ ನಮ್ಮ ರಾಜ್ಯದಲ್ಲೇ, ಬಾಗೇಪಲ್ಲಿ ಕಡೆ 1997ರಲ್ಲಿ ಮೊದಲು ದೊಡ್ಡದಾಗಿ ಕಾಣಿಸಿಕೊಂಡದ್ದು. ನಡುನರದ ಪಕ್ಕ ಎಲೆ ಒಣಗುತ್ತದೆ, ಕಾಂಡ ಸೊಟ್ಟಗಾಗುತ್ತದೆ, ತೆನೆ ಒಂದು ಕಡೆ ತಿರುಚಿಕೊಂಡು ಕಾಳು ಜೊಳ್ಳಾಗುತ್ತದೆ. ಬಂದ ಗಿಡಕ್ಕೆ ಮದ್ದಿಲ್ಲ. ಆ ನಂಜು ಎಲ್ಲಿ ಬೆಚ್ಚಗೆ ಕೂತಿರುತ್ತದೆ ಗೊತ್ತಾ? ಪಾರ್ಥೇನಿಯಂನಲ್ಲಿ, ನಾವು ಕಾಂಗ್ರೆಸ್ ಗಿಡ ಅನ್ನುತ್ತೇವಲ್ಲ, ಅದರಲ್ಲಿ. ಗಿಡಕ್ಕೆ ನಂಜು ಬಂದಿದ್ದೂ ಗೊತ್ತಾಗುವುದಿಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಹೂವಿನ ಪರಾಗದಲ್ಲಿ ನಂಜು ಇರುತ್ತದೆ, ಪರಾಗ ಥ್ರಿಪ್ಸ್ ಮೈಗೆ ಅಂಟುತ್ತದೆ, ಥ್ರಿಪ್ಸ್ ನಿಮ್ಮ ಎಲೆಯನ್ನು ಕೆರೆಯುತ್ತದೆ, ಅಷ್ಟೇ.

ನೀರಾವರಿಗೂ ಇದಕ್ಕೂ ಸಂಬಂಧ ಇಲ್ಲಿದೆ. ಮಾರ್ಚ್ ತಿಂಗಳಲ್ಲಿ ಬಯಲೆಲ್ಲ ಒಣಗಿ ನಿಂತಾಗ ಕಾಂಗ್ರೆಸ್ ಗಿಡ ಹಸಿರಾಗಿ ಹೂ ಬಿಟ್ಟು ನಿಲ್ಲುವುದು ಎಲ್ಲಿ? ನಾಲೆ ಏರಿ ಮೇಲೆ, ಹೊಲಗಾಲುವೆಯ ಎರಡೂ ಬದಿ, ಬೋರಿನ ಪೈಪು ಸೋರುವ ಜಾಗದಲ್ಲಿ. ಹೊಲದೊಳಗೆ ಹರಿದ ನೀರಿಗಿಂತ ಹೊಲದ ಹೊರಗೆ ಸೋರಿದ ನೀರು ನಿಮಗೆ ಜಾಸ್ತಿ ಕೀಟ ಸಾಕಿಕೊಡುತ್ತಿದೆ. ಹಾಗಾಗಿ ಈ ವಾರ ಔಷಧಿಗೆ ಹಾಕುವ ದುಡ್ಡಿನಲ್ಲಿ ಇಬ್ಬರು ಆಳು ಕರೆದು ಕಾಲುವೆ ಬದಿಯ ಕಾಂಗ್ರೆಸ್ ಗಿಡವನ್ನು ಕೀಳಿಸಿ. ಹೂವು ಮುತ್ತಿ ಪುಡಿ ಉದುರುವ ಗಿಡಗಳನ್ನು ಬೆಳಿಗ್ಗೆ ಇಬ್ಬನಿ ಇರುವಾಗಲೇ ಕೀಳಬೇಕು, ಗಾಳಿ ಎದ್ದ ಮೇಲೆ ಕಿತ್ತರೆ ಪರಾಗ ನೀವೇ ಹೊಲಕ್ಕೆ ಎರಚಿದ ಹಾಗೆ. ಕೈಗೆ ಗವಸು ಹಾಕಿಸಿ, ಕೆಲವರಿಗೆ ಮೈ ತುರಿಸುತ್ತದೆ. ಮುಂದಿನ ವರ್ಷ ಬಿತ್ತುವಾಗ ಹೊಲದ ಸುತ್ತ ಮೂರ್ನಾಲ್ಕು ಸಾಲು ಜೋಳ ಹಾಕಿ. ಗಾಳಿಯಲ್ಲಿ ತೇಲಿ ಬರುವ ಥ್ರಿಪ್ಸ್ ಅದಕ್ಕೆ ತಡೆದು ನಿಲ್ಲುತ್ತದೆ.

ಕಾಂಗ್ರೆಸ್ ಗಿಡದ ಮಾತು ಬಂತು ಅಂತ ಒಂದು ಅಡ್ಡಕಥೆ. ಆ ಕಳೆಯನ್ನು ತಿನ್ನಲಿ ಅಂತ ಮೆಕ್ಸಿಕೋದಿಂದ ತಂದ ಪಟ್ಟೆ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷ ಆದ ಮೇಲೆ ಅದು ಸೂರ್ಯಕಾಂತಿ ಎಲೆ ತಿನ್ನುವುದು ಕಂಡು ದೊಡ್ಡ ಗಲಾಟೆ ಆಯಿತು. ಆಮೇಲೆ ನೋಡಿದರೆ ಸೂರ್ಯಕಾಂತಿ ಎಲೆ ಮೇಲೆ ಬಿದ್ದ ಕಾಂಗ್ರೆಸ್ ಗಿಡದ ಪರಾಗವೇ ಅದಕ್ಕೆ ಆಸೆ ಹುಟ್ಟಿಸುತ್ತಿತ್ತಂತೆ. ನಿಮ್ಮ ಕಾಲುವೆ ಬದಿಯಲ್ಲಿ ಬಿಳಿ ಮೈ ಮೇಲೆ ಕಂದು ಗೆರೆಯ ದುಂಬಿ ಕಂಡರೆ ಕೊಲ್ಲಬೇಡಿ, ಅದು ನಿಮ್ಮ ಪರವಾಗಿ ಕೆಲಸ ಮಾಡುತ್ತಿದೆ.

ಈಗ ಕೆಳಗಿನ ಎಕರೆ. ಜರಡಿಯಾದ ಎಲೆ ಅಂದರೆ ಬಹುತೇಕ ಸ್ಪೋಡಾಪ್ಟೆರಾ, ತಂಬಾಕಿನ ಎಲೆ ತಿನ್ನುವ ಹುಳು. ಪತಂಗ ಎಲೆಯ ಅಡಿ ನೂರಾರು ಮೊಟ್ಟೆ ಗುಂಪಾಗಿ ಇಟ್ಟು ಮೇಲೆ ಕಂದು ರೋಮ ಹೊದಿಸುತ್ತದೆ, ಹಳೇ ಕಂಬಳಿ ತುಂಡು ಅಂಟಿಸಿದ ಹಾಗೆ ಕಾಣುತ್ತದೆ. ಒಡೆದ ಮರಿಗಳು ಎರಡು ಮೂರು ದಿನ ಒಂದೇ ಎಲೆಯಲ್ಲಿ ಒಟ್ಟಿಗೆ ಕೂತು ಹಸಿರನ್ನು ಕೆರೆದು ತಿನ್ನುತ್ತವೆ, ಆಗಲೇ ಎಲೆ ಜರಡಿ. ಆ ಎಲೆ ಕಿತ್ತು ನೀರು ತುಂಬಿದ ಬಕೆಟ್ಟಿಗೆ ಹಾಕಿದರೆ ಒಂದೇ ಏಟಿಗೆ ನೂರಿನ್ನೂರು ಹುಳು ಹೋದವು. ಆಮೇಲೆ ಚದುರಿದ ಮೇಲೆ ಕಷ್ಟ.

ಈ ಹುಳು ಎಲ್ಲಿಂದ ಬಂತು? ನಿಮ್ಮ ಹೊಲದ ಮಣ್ಣಿನಿಂದ ಅಂತೂ ಅಲ್ಲ. ನಾಲ್ಕು ತಿಂಗಳು ಭತ್ತಕ್ಕೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಅದರ ಕೋಶ (ಹುಳು ಪತಂಗವಾಗುವ ಮುಂಚಿನ ಹಂತ) ಬದುಕಿ ಉಳಿಯುವುದು ಕಷ್ಟ. ಅಕ್ಕಪಕ್ಕದ ಮೆಣಸಿನಕಾಯಿ, ಅಲಸಂದೆ, ಶೇಂಗಾ ಹೊಲದಿಂದ ಪತಂಗ ಹಾರಿ ಬಂದಿದೆ. ಯಾಕೆ ನಿಮ್ಮಲ್ಲಿಗೇ ಬಂತು ಅಂದರೆ, ಸುತ್ತ ಒಣಗಿದ ಬಯಲಿನಲ್ಲಿ ನೀರಿದ್ದ ನಿಮ್ಮ ಎಕರೆ ಒಂದೇ ಹಸಿರಾಗಿತ್ತು. ಬೇಸಿಗೆಯಲ್ಲಿ ಸೊಂಪಾದ ಹೊಲ ಅಂದರೆ ಊರೆಲ್ಲ ಬಾಗಿಲು ಹಾಕಿದ ದಿನ ಒಂದೇ ಹೋಟೆಲ್ ತೆರೆದ ಹಾಗೆ. ಇಷ್ಟರ ಮಟ್ಟಿಗೆ ನಿಮ್ಮ ಪಕ್ಕದವರ ಮಾತು ಸರಿ.

ಆದರೆ ನನಗೆ ಅನುಮಾನ ಇರುವುದು ನೀರಿನ ಮೇಲಲ್ಲ, ಆ ಕಡುಹಸಿರಿನ ಮೇಲೆ. ಸರದಿ ನೀರು ಬರುವ ಹಿಂದಿನ ದಿನ ಒಂದು ಚೀಲ ಯೂರಿಯಾ ಎರಚಿದ್ದಿರಾ? ನೀವು ಬರೆದಿಲ್ಲ, ಆದರೂ ಊಹೆ ಮಾಡುತ್ತೇನೆ. ನಮ್ಮ ಅಚ್ಚುಕಟ್ಟಿನಲ್ಲಿ ಆನ್-ಆಫ್ ಮಾಡಿ ನೀರು ಬಿಡುವಾಗ ಎಲ್ಲರೂ ಮಾಡುವುದೇ ಅದು. ಒಣಗಿದ ಗಿಡಕ್ಕೆ ಒಮ್ಮೆಲೇ ನೀರೂ ಗೊಬ್ಬರವೂ ಸಿಕ್ಕರೆ ನಾಲ್ಕೈದು ದಿನದಲ್ಲಿ ಮೆತ್ತಗಿನ ಹೊಸ ಎಲೆ ನುಗ್ಗಿ ಬರುತ್ತದೆ, ಮೊಟ್ಟೆ ಇಡಲು ಪತಂಗಕ್ಕೆ ಬೇಕಾದದ್ದೇ ಅಂಥ ಎಲೆ. ಒಣಗಿಸುವುದು, ಮುಳುಗಿಸುವುದು, ಮತ್ತೆ ಒಣಗಿಸುವುದು, ಈ ಜೋಕಾಲಿ ಆಟದಲ್ಲಿ ಎರಡೂ ಕಡೆಯ ಕೀಟಗಳಿಗೆ ಊಟ. ಯೂರಿಯಾ ಇನ್ನು ಮೇಲೆ ಬೇಡ, ಆಯಿತು.

ನೀರನ್ನೇ ಈ ಹುಳದ ಮೇಲೆ ತಿರುಗಿಸಬಹುದು. ದೊಡ್ಡದಾದ ಸ್ಪೋಡಾಪ್ಟೆರಾ ಹುಳು ಬಿಸಿಲಿಗೆ ಹೆದರಿ ಹಗಲು ಮಣ್ಣಿನ ಬಿರುಕಿನಲ್ಲಿ, ಬಿದ್ದ ಎಲೆಯ ಅಡಿ ಮಲಗಿರುತ್ತದೆ, ಸಂಜೆ ಮೇಲೆ ಹತ್ತಿ ತಿನ್ನುತ್ತದೆ. ಗದ್ದೆ ಮಣ್ಣು ಒಣಗಿದಾಗ ಕೈಬೆರಳು ತೂರುವಷ್ಟು ಬಿರುಕು ಬಿಟ್ಟಿರುತ್ತದೆ, ನೋಡಿರುತ್ತೀರಿ. ಬೆಳಿಗ್ಗೆ ತೂಬು ತೆಗೆದಾಗ ಸಾಲಿನ ತುದಿಯಲ್ಲಿ ನಿಂತು ಗಮನಿಸಿ. ನೀರಿನ ಮೂತಿ ನಿಧಾನ ಮುಂದೆ ಬರುತ್ತದೆ, ಬಿರುಕು ಸಿಕ್ಕಲ್ಲಿ ಬುಳುಬುಳು ಅಂತ ಗುಳ್ಳೆ ಏಳುತ್ತದೆ, ಹಿಂದೆಯೇ ಕಪ್ಪು ಚುಕ್ಕೆಯ ದಪ್ಪ ಹುಳು, ಮಿಡತೆ, ಜಿರಲೆಯಂಥದ್ದು ಎಲ್ಲ ಒದ್ದಾಡುತ್ತ ಮೇಲೆ ಬರುತ್ತವೆ. ಹತ್ತು ನಿಮಿಷ ಆಗಿರುವುದಿಲ್ಲ, ಬೆಳ್ಳಕ್ಕಿಗಳು ಬಂದು ನೀರಿನ ಅಂಚಿಗೆ ಸಾಲಾಗಿ ನಡೆಯಲು ಶುರು ಮಾಡುತ್ತವೆ, ಹಿಂದೆ ಗೊರವಂಕ, ಬೇಲಿ ಮೇಲೆ ಕಾಜಾಣ. ಇದೇ ನೀರನ್ನು ರಾತ್ರಿ ಹಾಯಿಸಿದರೆ ಹುಳು ಗಿಡದ ಮೇಲಿರುತ್ತದೆ, ಹಕ್ಕಿ ಮರದ ಮೇಲೆ ನಿದ್ದೆ ಮಾಡುತ್ತಿರುತ್ತದೆ, ಏನೂ ಆಗುವುದಿಲ್ಲ. ಸರದಿ ರಾತ್ರಿಯೇ ಬಂದರೆ ಹಾಯಿಸಿ, ಸಿಕ್ಕ ನೀರು ಕಳೆದುಕೊಳ್ಳಲಾಗುವುದಿಲ್ಲ. ಆದರೆ ಬೆಳಗಿನ ಜಾವದವರೆಗೆ ಕೊನೆಯ ನಾಲ್ಕು ಸಾಲು ಉಳಿಸಿಕೊಳ್ಳಲು ನೋಡಿ, ಹುಳು ಜಾಸ್ತಿ ಇರುವ ಕಡೆ.

ಹಾಗಂತ ನೀರು ನಿಲ್ಲಿಸಿ ಹುಳು ಮುಳುಗಿಸುತ್ತೇನೆ ಅಂತ ಹೊರಡಬೇಡಿ. ಭತ್ತ ಅಲ್ಲ ಇದು. ಬುಡದಲ್ಲಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ, ಎಲೆ ಹಳದಿ ತಿರುಗುತ್ತದೆ, ಬುಡ ಕೊಳೆಯುವ ರೋಗ ಹಿಡಿಯುತ್ತದೆ. ಸಾಲಿನಲ್ಲಿ ಹರಿಸಿ, ಕೊನೆಯಲ್ಲಿ ಬಸಿಗಾಲುವೆ ಕಡಿದು ಹೆಚ್ಚಾದದ್ದನ್ನು ಅದೇ ದಿನ ಹೊರಗೆ ಬಿಡಿ. ಬೋದು ಏರಿಸಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಯಿಸಿದರೂ ನಡೆಯುತ್ತದೆ, ಸೂರ್ಯಕಾಂತಿ ಬೇರು ಆಳಕ್ಕೆ ಹೋಗುವ ಜಾತಿ, ಪಕ್ಕದಿಂದ ಎಳೆದುಕೊಳ್ಳುತ್ತದೆ. ಅಂದಾಜಿಗೆ ಹೇಳುವುದಾದರೆ ಕೆಮ್ಮಣ್ಣಿಗೆ 8-10 ದಿನಕ್ಕೆ, ಎರೆಯಂಥ ಗಟ್ಟಿ ಮಣ್ಣಿಗೆ 15-20 ದಿನಕ್ಕೆ ಒಂದು ನೀರು. ನಿಮ್ಮ ವಿಷಯದಲ್ಲಿ ಇದು ತಲೆಕೆಳಗಾಗಿದೆ ನೋಡಿ, ಬೇಗ ಬೇಗ ಬೇಕಾದ ಕೆಮ್ಮಣ್ಣಿಗೆ 18 ದಿನ ಇಲ್ಲ, ತಡೆದುಕೊಳ್ಳುವ ಗದ್ದೆ ಮಣ್ಣಿಗೆ ತುಂಬಾ ತುಂಬಾ.

ಇನ್ನೊಂದು ಸಣ್ಣ ವಿಷಯ, ಆದರೆ ಸಾಕಷ್ಟು ಜನ ಎಡವುವುದು ಇಲ್ಲೇ. ನೀರು ಹಾಯಿಸಿದ ಮೇಲೆ ಮೂರು ದಿನ ಹೊಲಕ್ಕೆ ಕಾಲಿಡಲಾಗುವುದಿಲ್ಲ, ಕೆಸರು. ಆ ಮೂರು ದಿನದಲ್ಲಿ ಮೊಟ್ಟೆ ಒಡೆದು ಮರಿ ಚದುರಿರುತ್ತವೆ. ಹಾಗಾಗಿ ಹುಳು ನೋಡುವುದು, ಎಲೆ ಕೀಳುವುದು, ಸಿಂಪಡಿಸುವುದಿದ್ದರೆ ಅದು, ಎಲ್ಲ ಸರದಿಗೆ ಮುಂಚೆ. ದೊಡ್ಡ ಹುಳು ತಿಂದು ಸಾಯಲಿ ಅಂತ ತೌಡು-ಬೆಲ್ಲದ ವಿಷದ ಆಹಾರ ಇಡುವುದಾದರೆ ಮಾತ್ರ ಉಲ್ಟಾ: ನೀರು ಇಂಗಿ ಮಣ್ಣು ಹದಕ್ಕೆ ಬಂದ ಸಂಜೆ ಇಡಿ. ಮುಂಚೆ ಇಟ್ಟರೆ ತೊಳೆದುಹೋಗುತ್ತದೆ. ಅದನ್ನು ಇಟ್ಟ ದಿನ ಕೋಳಿ, ದನ, ನಾಯಿ ಹೊಲದ ಹತ್ತಿರ ಬಿಡಬೇಡಿ. ಯಾವ ಔಷಧಿ, ಎಷ್ಟು ಅನ್ನುವುದನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಬೆರೆಸಿ.

ನಮ್ಮ ಅರೆ ಮಲೆನಾಡಿಗೆ ಬಯಲುಸೀಮೆಗಿಲ್ಲದ ಒಂದು ಅನುಕೂಲ ಇದೆ. ನೀರು ಕೊಟ್ಟ ದಟ್ಟ ಬೆಳೆಯೊಳಗೆ ತಂಪು, ಮೇಲೆ ಬೆಳಗಿನ ಇಬ್ಬನಿ ಬೇರೆ. ಅದರಿಂದ ಹುಳಗಳಿಗೂ ಬೂಷ್ಟು ಹಿಡಿಯುತ್ತದೆ. ಎಲೆ ಮೇಲೆ ಹುಳು ಬೆಳ್ಳಗೆ, ಸೀಮೆಸುಣ್ಣದ ತುಂಡಿನ ಹಾಗೆ ಸೆಟೆದು ಅಂಟಿಕೊಂಡಿದ್ದರೆ ಅದು ನೊಮುರಿಯಾ ಅನ್ನುವ ಶಿಲೀಂಧ್ರದ ಕೆಲಸ. ಅಂಥದ್ದು ಅಲ್ಲಲ್ಲಿ ಕಂಡರೆ ಔಷಧಿ ಡಬ್ಬಿ ಮುಚ್ಚಿಟ್ಟು ನಾಲ್ಕು ದಿನ ಕಾಯಿರಿ. ನೀರು ಕೊಡದೆ ಒಣಗಿಸಿದ ಹೊಲದಲ್ಲಿ ಈ ಸಹಾಯ ಸಿಗುವುದಿಲ್ಲ.

ಸ್ಪ್ರಿಂಕ್ಲರ್ ವಿಷಯಕ್ಕೆ ಬರುತ್ತೇನೆ. ಹಾಕಿ, ಆದರೆ ಈ ವಾರ ಮಾತ್ರ. ಮೇಲಿಂದ ಬೀಳುವ ನೀರು ಥ್ರಿಪ್ಸ್, ನುಸಿ, ಜಿಗಿಹುಳದ ಮರಿಗಳನ್ನು ಒಂದಷ್ಟು ತೊಳೆದು ಕೆಡವುತ್ತದೆ, ಎಲೆ ತಣ್ಣಗಾಗುತ್ತದೆ, ಧೂಳು ಹೋಗುತ್ತದೆ. ನಿಮ್ಮ ಬೋರಿನಲ್ಲಿ ಇರುವ ಅಷ್ಟಿಷ್ಟು ನೀರಿಗೆ ಒಂದು ಎಕರೆ ತೋಯಿಸಲು ಇದೇ ಸುಲಭ. ಬೇವಿನ ಬೀಜದ ಕಷಾಯ 5 ಪರ್ಸೆಂಟ್ ಹೊಡೆಯುವುದಿದ್ದರೆ ಸ್ಪ್ರಿಂಕ್ಲರ್ ಆಡಿಸಿ ಎಲೆ ಒಣಗಿದ ಮೇಲೆ ಸಂಜೆ ಹೊಡೆಯಿರಿ, ಹೊಡೆದು ಮಾರನೇ ದಿನ ಸ್ಪ್ರಿಂಕ್ಲರ್ ಹಾಕಿದರೆ ಕಷಾಯ ಮಣ್ಣಿಗೆ.

ಹಳದಿ ದಳ ಕಾಣಿಸಿತೋ, ನಿಲ್ಲಿಸಿ. ಇದನ್ನು ಒತ್ತಿ ಹೇಳಲು ನನಗೆ ಕಾರಣ ಇದೆ. ಬಹಳ ವರ್ಷದ ಹಿಂದೆ ಶಿಕಾರಿಪುರ ಕಡೆಯ ರೈತರೊಬ್ಬರಿಗೆ ಥ್ರಿಪ್ಸ್ ಜಾಸ್ತಿ ಅಂತ ಬೆಳಿಗ್ಗೆ ಸ್ಪ್ರಿಂಕ್ಲರ್ ಆಡಿಸಲು ನಾನೇ ಹೇಳಿದ್ದೆ. ಹೊಲ ಹೂವಿನಲ್ಲಿದೆ ಅಂತ ಕೇಳಲೇ ಇಲ್ಲ. ಥ್ರಿಪ್ಸ್ ಕಡಿಮೆಯಾಯಿತು, ಅವರು ಖುಷಿಯಾಗಿ ತಿಳಿಸಿದ್ದರು. ಕೊಯ್ಲಿನಲ್ಲಿ ತೆನೆ ಉಜ್ಜಿದರೆ ಅರ್ಧ ಜೊಳ್ಳು. ಸೂರ್ಯಕಾಂತಿಯಲ್ಲಿ ಕಾಳು ಕಟ್ಟುವುದು ಬಹುತೇಕ ಜೇನಿನಿಂದ, ಜೇನು ಹೆಚ್ಚಾಗಿ ಬರುವುದು ಬೆಳಿಗ್ಗೆ 8ರಿಂದ 11ರ ಒಳಗೆ, ನಾನು ಸರಿಯಾಗಿ ಆ ಹೊತ್ತಿಗೆ ಪರಾಗ ತೊಳೆಸಿ ಜೇನು ಓಡಿಸಿದ್ದೆ. ಆಮೇಲೆ ಆ ಮನುಷ್ಯ ಏನೂ ಅನ್ನಲಿಲ್ಲ, ಅದೇ ಕಷ್ಟ. ಹೂವಿನ ಮೇಲೆ ನೀರು ನಿಂತರೆ ತೆನೆ ಕೊಳೆ ರೋಗವೂ ಬರುತ್ತದೆ, ಎಲೆಚುಕ್ಕೆಯೂ ಜಾಸ್ತಿ. ಅದರಲ್ಲೂ ಹುಳು ಕೊರೆದ ತೆನೆಗೆ ನೀರು ಇಳಿದರೆ ಎರಡೇ ದಿನದಲ್ಲಿ ಹಿಂಭಾಗ ಮೆತ್ತಗಾಗಿ ನಾರುತ್ತದೆ.

ತೆನೆ ಕೊರೆಯುವ ಆ ಹುಳು ಹೆಲಿಕೋವರ್ಪಾ, ತೊಗರಿ-ಕಡಲೆಯ ಕಾಯಿಕೊರಕವೇ. ನೀವು ಅದನ್ನು ಇನ್ನೂ ನೋಡಿಲ್ಲ, ಆದರೆ ಹೂವಿನ ಜೊತೆ ಬರುತ್ತದೆ. ಎರಡೂ ಎಕರೆಯಲ್ಲಿ ಅಡ್ಡಾದಿಡ್ಡಿ ನಡೆದು 20 ಗಿಡ ನೋಡಿ. ಸರಾಸರಿ ತೆನೆಗೊಂದು ಹುಳು ಅನ್ನುವ ಹತ್ತಿರ ಬಂದರೆ ಎನ್‌ಪಿವಿ (ಈ ಹುಳಕ್ಕೆ ರೋಗ ತಂದು ಕೊಲ್ಲುವ ನಂಜಾಣು) ದ್ರಾವಣ, ಎಕರೆಗೆ 100 ಎಲ್‌ಇ (ಎಷ್ಟು ರೋಗದ ಹುಳಗಳಷ್ಟು ನಂಜಾಣು ಅನ್ನುವ ಅಳತೆ), ಸ್ವಲ್ಪ ಬೆಲ್ಲ ಬೆರೆಸಿ, ಸಂಜೆ ಹೊಡೆಯಿರಿ. ಬಿಸಿಲಿಗೆ ಅದರ ಶಕ್ತಿ ಹೋಗುತ್ತದೆ. ಜೇನಿಗೆ ಅದರಿಂದ ತೊಂದರೆ ಇಲ್ಲ. ಹೂವಿನಲ್ಲಿ ರಾಸಾಯನಿಕ ಹೊಡೆಯಬೇಡಿ, ನಿಮ್ಮ ಹೊಲಕ್ಕೆ ಬರುವ ತುಡುವೆ, ಹೆಜ್ಜೇನು ಎಲ್ಲ ಅಕ್ಕಪಕ್ಕದ ತೋಟ-ಕಾಡಿನವು, ಒಮ್ಮೆ ಸತ್ತರೆ ಆ ಸೀಸನ್ನಿಗೆ ಮತ್ತೆ ಬರುವುದಿಲ್ಲ. ನೀರು ಕಡಿಮೆಯಾದ ಗಿಡದ ಹೂವಿನಲ್ಲಿ ಮಕರಂದವೂ ಕಡಿಮೆ, ಜೇನು ಕೂರದೆ ಹೋಗುತ್ತದೆ. ಮೇಲಿನ ಎಕರೆಗೆ ಹೂವಿನ ಹೊತ್ತಿಗೆ ಸಾಲಿನಲ್ಲಿ ನೀರು ಹೇಗಾದರೂ ಮಾಡಿ ಕೊಡಿ ಅನ್ನುವುದು ಇದಕ್ಕೂ ಸೇರಿ.

ಬೆಳ್ಳಕ್ಕಿಗೆ ನೆಲ ಸಾಕು, ಕಾಜಾಣ-ಗೊರವಂಕಕ್ಕೆ ಕೂರಲು ಅಲ್ಲಲ್ಲಿ ಕವಲುಕಡ್ಡಿ ನೆಡಿ. ಕಾಳು ಹಾಲುಗಟ್ಟುವ ಹೊತ್ತಿಗೆ ನೆನಪಿಟ್ಟುಕೊಂಡು ಕಿತ್ತುಹಾಕಿ, ಇಲ್ಲದಿದ್ದರೆ ಅದೇ ಕಡ್ಡಿ ಮೇಲೆ ಗಿಳಿ ಕೂತು ತೆನೆ ಬಗೆಯುತ್ತದೆ. ಸ್ಪ್ರಿಂಕ್ಲರ್ ಪೈಪನ್ನಂತೂ ಅಷ್ಟರೊಳಗೆ ಬಿಚ್ಚಿ ತೋಟಕ್ಕೆ ವಾಪಸ್ ಕಳಿಸಿರುತ್ತೀರಿ, ಬೇಸಿಗೆಯಲ್ಲಿ ಅಡಿಕೆಗೂ ನೀರು ಬೇಕು ಅಲ್ವಾ.